ಏರಿ ಯಾವುದು, ತೂಬು ಎಲ್ಲಿ?

ಬಯಲುಸೀಮೆಯ ಕೆರೆಗೆ ಮನುಷ್ಯರು ಕಟ್ಟಿದ ದಂಡೆ ಒಂದೇ, ಅದು ಏರಿ. ಇಳಿಜಾರಿನ ಕೆಳಬದಿಗೆ ಅಡ್ಡಲಾಗಿ ಮಣ್ಣು ಹಾಕಿ, ಒಳಮೈಗೆ ಕಲ್ಲು ಹೊದಿಸಿ, ನೀರು ಬಿಡಲು ತೂಬು, ಹೆಚ್ಚಾದದ್ದು ಹರಿದುಹೋಗಲು ಕೋಡಿ ಇಟ್ಟರೆ ಕೆರೆಯಾಯಿತು. ಉಳಿದ ಬದಿಗಳಿಗೆ ದಂಡೆ ಅನ್ನುವುದೇ ಇರಲಿಲ್ಲ. ಒಳ್ಳೆ ಮಳೆ ಬಂದ ವರ್ಷ ನೀರು ಹೊಲದಂಚಿನವರೆಗೂ ಹೋಗುತ್ತಿತ್ತು. ಬೇಸಿಗೆಯಲ್ಲಿ ಏರಿಯ ಬುಡಕ್ಕೆ ಸರಿದು ನಿಲ್ಲುತ್ತಿತ್ತು. ನೀರು ಬಿಟ್ಟುಕೊಟ್ಟ ಕೆರೆಯಂಗಳದಲ್ಲಿ ದನ ಮೇಯುತ್ತಿದ್ದವು, ಗೋಡು ಮಣ್ಣು ಗಾಡಿಗಳಲ್ಲಿ ಹೊಲಕ್ಕೆ ಹೋಗುತ್ತಿತ್ತು, ಹುಡುಗರು ಆಡುತ್ತಿದ್ದರು. ನೀರಿನ ಅಂಚು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಯಾವ ತಿಂಗಳಲ್ಲಿ ಎಂದು ತಿರುಗಿ ಕೇಳಬೇಕಿತ್ತು.

ಈಗ ನಗರದ ಕೆರೆಗಳಿಗೆ ಸುತ್ತಲೂ ದಂಡೆಯಿದೆ. ಅದರ ಮೇಲೆ ಇಂಟರ್‌ಲಾಕ್ ಇಟ್ಟಿಗೆಯದೋ ಕೆಂಪು ಮಣ್ಣಿನದೋ ದಾರಿಯಿದೆ, ದಾರಿಯ ಆಚೆ ತಂತಿಬೇಲಿ, ಬೇಲಿಯಾಚೆ ರಸ್ತೆ. ಬೆಳಿಗ್ಗೆ ಆರಕ್ಕೆ ಆ ದಾರಿಯ ಮೇಲೆ ನಡೆಯುವವರಲ್ಲಿ ನಾನೂ ಒಬ್ಬಳು. ಬೆಂಗಳೂರಿಗೆ ಬಂದ ಮೇಲೆ ಈ ಊರಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದರೆ ಅದು ಕೆರೆಗಳ ಸುತ್ತ ನಡೆದೇ. ಮನೆ ಬದಲಿಸಿದಾಗಲೆಲ್ಲ ನಾನು ಮೊದಲು ಹುಡುಕುವುದು ಹತ್ತಿರದ ಕೆರೆ ಎಲ್ಲಿದೆ, ಗೇಟು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಎಂಬುದನ್ನು. ಹಾಗಾಗಿ ಈಗ ಹೇಳಹೊರಟಿರುವುದನ್ನು ವಾಕಿಂಗ್ ದಾರಿಗಳ ವಿರೋಧಿಯ ಮಾತೆಂದು ಯಾರೂ ಭಾವಿಸಬಾರದು. ಆ ದಾರಿಯನ್ನು ಕೆರೆಯ ಸುತ್ತ ಹೇಗೆ ಎಳೆಯುತ್ತೇವೆ ಎಂಬುದರ ಮೇಲೆ ಕೆರೆಯ ಬದುಕು ನಿಂತಿದೆ ಎಂದು ನನಗೆ ವರ್ಷಗಳು ಕಳೆದಂತೆ ಖಚಿತವಾಗುತ್ತಿದೆ. ಅದನ್ನೇ ಬರೆಯುತ್ತಿದ್ದೇನೆ.

ಇದನ್ನು ನನಗೆ ಮೊದಲು ಕಾಣಿಸಿದವರು ನಮ್ಮಪ್ಪ. ಕೋಲಾರದ ಕಡೆಯವರು, ಕೆರೆಯ ಕೆಳಗಿನ ಗದ್ದೆಯಲ್ಲಿ ದುಡಿದವರು. ಒಮ್ಮೆ ನಮ್ಮ ಮನೆಗೆ ಬಂದಿದ್ದಾಗ ಜಕ್ಕೂರು ಕೆರೆಗೆ ಕರೆದುಕೊಂಡು ಹೋಗಿದ್ದೆ. ಜಕ್ಕೂರು ದೊಡ್ಡ ಕೆರೆ, ಸುಮಾರು 160 ಎಕರೆ. ನಡುವೆ ನಡುಗಡ್ಡೆಗಳು, ಅವುಗಳ ಮರಗಳ ತುಂಬ ಹಕ್ಕಿಗಳು, ಒಮ್ಮೊಮ್ಮೆ ತಲೆಯ ಮೇಲೆ ಹತ್ತಿರದ ವಿಮಾನ ತರಬೇತಿ ಶಾಲೆಯ ಪುಟ್ಟ ವಿಮಾನ. ಅಪ್ಪ ಹಕ್ಕಿಗಳನ್ನೂ ನೋಡಲಿಲ್ಲ, ವಿಮಾನವನ್ನೂ ನೋಡಲಿಲ್ಲ. ಅರ್ಧ ಸುತ್ತು ಬಂದ ಮೇಲೆ ನಿಂತು ಕೇಳಿದರು:

“ಅಲ್ಲ ಕಣಮ್ಮ, ಇದ್ರಾಗೆ ಏರಿ ಯಾವ್ದು? ಸುತ್ತೂ ಏರಿನೇ ಐತಲ್ಲ.”

ದಕ್ಷಿಣದ ಕಡೆಯದು ಹಳೇ ಏರಿ, ಉಳಿದದ್ದು ಆಮೇಲೆ ಹಾಕಿದ್ದು ಎಂದೆ.

“ತೂಬು ಎಲ್ಲೈತೆ?”

“ಕೆಳಗೆ ಗದ್ದೆ ಎಲ್ಲಿದೆ ಅಪ್ಪ, ಎಲ್ಲ ಅಪಾರ್ಟ್‌ಮೆಂಟು. ತುಂಬಿದ್ದು ಕೋಡಿ ಮೇಲೆ ಹರಿದು ರಾಚೇನಹಳ್ಳಿ ಕೆರೆಗೆ ಹೋಗುತ್ತೆ.”

“ಮತ್ತೆ ಬರೋ ನೀರು ಎಲ್ಲಿಂದ ಬತ್ತದೆ?”

ಆ ಪ್ರಶ್ನೆಗೆ ಉತ್ತರ ಕೆರೆಯ ಉತ್ತರದ ತುದಿಯಲ್ಲೇ ಇತ್ತು, ಅಲ್ಲಿಗೆ ನಡೆಸಿಕೊಂಡು ಹೋದೆ. ಯಲಹಂಕ ಕೆರೆ ತುಂಬಿದರೆ ಜಕ್ಕೂರಿಗೆ, ಜಕ್ಕೂರು ತುಂಬಿದರೆ ರಾಚೇನಹಳ್ಳಿಗೆ, ಹೀಗೆ ಸರಪಳಿ. ಆದರೆ ವರ್ಷಪೂರ್ತಿ ಜಕ್ಕೂರಿಗೆ ನೀರು ಬರುವುದು ಮಳೆಯಿಂದ ಮಾತ್ರವಲ್ಲ. ಕೆರೆಯ ತಲೆಯ ಭಾಗದಲ್ಲಿ ಜಲಮಂಡಳಿಯ ಕೊಳಚೆ ನೀರು ಸಂಸ್ಕರಣಾ ಘಟಕವಿದೆ, ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದ್ದಾಗಿ ಶುರುವಾದದ್ದು. ಅಲ್ಲಿ ಶುದ್ಧವಾದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು, ಆಪಿನ ಹುಲ್ಲು ಬೆಳೆಸಿದ ತೇವಭೂಮಿಯ ಮೂಲಕ ನಿಧಾನವಾಗಿ ಹಾದು, ಆ ಗಿಡಗಳ ಬೇರುಗಳು ಹೀರುವಷ್ಟು ಸಾರಜನಕ, ರಂಜಕವನ್ನು ಹೀರಿಕೊಂಡ ಮೇಲೆ ಕೆರೆ ಸೇರುತ್ತದೆ. ಕೆರೆಯಲ್ಲಿ ಬಿಸಿಲು, ಪಾಚಿ, ಮೀನು ತಮ್ಮ ಪಾಲಿನ ಕೆಲಸ ಮಾಡುತ್ತವೆ. ಅಲ್ಲಿಂದ ಇಂಗಿದ ನೀರು ಸುತ್ತಲಿನ ಬಾವಿ, ಬೋರ್‌ವೆಲ್‌ಗಳಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ನಾನು ನೋಡಿದ ಕೆರೆಗಳಲ್ಲಿ ಒಂದು ಊರಿನ ಬಚ್ಚಲ ನೀರು ಮತ್ತೆ ಬಳಕೆಯ ನೀರಾಗುವ ಇಡೀ ದಾರಿಯನ್ನು ಕಾಲ್ನಡಿಗೆಯಲ್ಲೇ ನೋಡಬಹುದಾದ ಜಾಗ ಇದೊಂದೇ. ನಡೆಯುವವರಲ್ಲಿ ಹೆಚ್ಚಿನವರು ಆ ತುದಿಯಲ್ಲಿ ಮೂಗು ಮುಚ್ಚಿಕೊಂಡು ಬೇಗ ದಾಟುತ್ತಾರೆ. ದಯವಿಟ್ಟು ನಿಲ್ಲಿ ಅಂತ ಹೇಳಬೇಕೆನಿಸುತ್ತದೆ.

ಅಪ್ಪ ಬಹಳ ಹೊತ್ತು ಆ ಜೊಂಡನ್ನೇ ನೋಡಿ, “ನಮ್ಮ ಕಡೆ ಕೆರೆಗಳಿಗೂ ನಿಮ್ಮ ಬೆಂಗ್ಳೂರು ನೀರೇ ಅಲ್ವಾ ಬರೋದು, ಹಿಂಗೆ ಹುಲ್ಲೊಳಗೆ ಹಾಯ್ಸಿ ಕಳ್ಸಬಾರದಾ?” ಅಂದರು. ಕೆ.ಸಿ. ವ್ಯಾಲಿ ಯೋಜನೆಯ ಮಾತು ಅದು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆಯಲ್ಲಿ ಒಣಗಿದ್ದ ಕೆರೆಗಳು ತುಂಬಿದ್ದು, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದು ನಿಜ. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕು ಎಂದು ಅಲ್ಲಿಯ ರೈತರು ಅಂದಿನಿಂದ ಕೇಳುತ್ತಿರುವುದೂ ನಿಜ. ಅಪ್ಪನ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಅದು ಸರಿಯಾದ ಪ್ರಶ್ನೆ ಅಂತಲೇ ಅನಿಸುತ್ತದೆ.

ಅಂದಿನಿಂದ ಯಾವ ಕೆರೆಗೆ ಹೋದರೂ ಏರಿ ಯಾವುದು, ತೂಬು ಎಲ್ಲಿ, ಕೋಡಿ ಎಲ್ಲಿ, ನೀರು ಬರುವ ಬಾಯಿ ಎಲ್ಲಿ ಎಂದು ಹುಡುಕುವುದು ರೂಢಿಯಾಗಿದೆ. ಸುತ್ತುದಾರಿ ಇವನ್ನೆಲ್ಲ ಮರೆಮಾಡುತ್ತದೆ. ಎಲ್ಲಿ ನಿಂತರೂ ಕೆರೆ ಒಂದೇ ಥರ ಕಾಣುತ್ತದೆ.

ಮರೆಮಾಡುವುದು ಮಾತ್ರವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕೆರೆ ಅಭಿವೃದ್ಧಿ ಎಂದರೆ ಬಹಳ ಕಾಲದಿಂದ ನಮ್ಮಲ್ಲಿ ನಡೆದು ಬಂದದ್ದು ಹೀಗೆ: ನೀರು ಖಾಲಿ ಮಾಡುವುದು, ಜೆಸಿಬಿ ಇಳಿಸಿ ಹೂಳೆತ್ತುವುದು, ಎತ್ತಿದ ಮಣ್ಣನ್ನು ಸುತ್ತಲೂ ಹಾಕಿ ದಂಡೆ ಮಾಡುವುದು, ದಂಡೆಯ ಒಳಬದಿಗೆ ಕಡಿದಾಗಿ ಕಲ್ಲು ಹೊದಿಸುವುದು, ಮೇಲೆ ವಾಕಿಂಗ್ ಪಾತ್. ಕೆರೆಯ ಆಕಾರ ಬೋಗುಣಿಯಂತಾಗುತ್ತದೆ. ಅಂಚಿನಲ್ಲೇ ಆಳ, ನಡುವೆಯೂ ಆಳ. ಹೆಚ್ಚು ನೀರು ನಿಲ್ಲುತ್ತದೆ ಎಂಬ ಲೆಕ್ಕ ಕಾಗದದ ಮೇಲೆ ಸರಿಯೇ. ಹೋಗುವುದು ಮಾತ್ರ ಕೆರೆಯ ಅತ್ಯಂತ ಜೀವಂತ ಭಾಗ, ಮೊಣಕಾಲುದ್ದಕ್ಕಿಂತ ಕಡಿಮೆ ನೀರಿರುವ ಮೇಲ್ಭಾಗದ ಅಂಚು. ಬಿಸಿಲು ತಳ ಮುಟ್ಟುವುದು ಅಲ್ಲಿ. ಬೇರೂರಿದ ನೀರುಗಿಡಗಳು ಬೆಳೆಯುವುದು, ಸಣ್ಣ ಮೀನು ಮೊಟ್ಟೆಯಿಡುವುದು, ಕಪ್ಪೆಮರಿಗಳು ಬದುಕುವುದು ಅಲ್ಲಿ.

ಇದನ್ನು ಹಕ್ಕಿಗಳನ್ನು ನೋಡಿಯೇ ತಿಳಿಯಬಹುದು. ಕಡಿದಾದ ಅಂಚಿನ ಕೆರೆಯಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆ ಇರುತ್ತದೆ, ಗುಳುಮುಳುಕ ಇರುತ್ತದೆ, ತೇಲುತ್ತಾ ಮೊಗೆಯುವ ಹೆಜ್ಜಾರ್ಲೆ ಇರುತ್ತದೆ. ಕಾಲೂರಿ ನಿಂತು ಉಣ್ಣುವವು ಇರುವುದಿಲ್ಲ. ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ, ಕೆಸರಿಗೆ ಬಾಗಿದ ಕೊಕ್ಕು ಚುಚ್ಚುವ ಕೆಂಬರಲು, ಚಳಿಗಾಲಕ್ಕೆ ಉತ್ತರದಿಂದ ಬರುವ ಗೊರವಗಳು, ಇವಕ್ಕೆಲ್ಲ ಕೆಸರಂಚು ಬೇಕು. ನಮ್ಮ ಮನೆಯ ಸಮೀಪದ ಸಣ್ಣ ಕೆರೆಯೊಂದರಲ್ಲಿ ಹೀಗೇ ಆಯಿತು. ಮೇಲ್ಭಾಗದ ಬಯಲಿನಲ್ಲಿ ಟಿಟ್ಟಿಭ ನೆಲದ ಮೇಲೇ ಮೊಟ್ಟೆಯಿಡುತ್ತಿತ್ತು. ಕಾಮಗಾರಿ ಮುಗಿದು ಗೇಟು ತೆರೆದಾಗ ಅಲ್ಲಿ ಕಲ್ಲುಕಟ್ಟು, ಎಲ್‌ಇಡಿ ದೀಪಗಳ ಸಾಲು, ವ್ಯಾಯಾಮದ ಯಂತ್ರಗಳು ಬಂದಿದ್ದವು. ನಡೆಯಲು ಚೆನ್ನಾಗಿದೆ, ರಾತ್ರಿ ಎಂಟರವರೆಗೂ ಹೆಂಗಸರು ಭಯವಿಲ್ಲದೆ ನಡೆಯುತ್ತಾರೆ, ಅದು ಸಣ್ಣ ಸಂಗತಿಯಲ್ಲ. ಟಿಟ್ಟಿಭದ ಕೂಗು ಮಾತ್ರ ಕೇಳುವುದಿಲ್ಲ.

ಬೇರೆ ರೀತಿಯಲ್ಲಿ ಮಾಡಲು ಸಾಧ್ಯವಿಲ್ಲವೆಂದಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ಹೋಗಿ ನೋಡಿ. 48 ಎಕರೆಯ ಕೆರೆ. 2009ರ ಸುಮಾರಿಗೆ ಪಾಲಿಕೆ ಅದನ್ನು ಪುನಶ್ಚೇತನಕ್ಕೆ ಎತ್ತಿಕೊಂಡಾಗ ಸುತ್ತಲಿನ ನಿವಾಸಿಗಳು, ಕೆರೆ ಬಲ್ಲವರು ನಕ್ಷೆಯ ಹಂತದಲ್ಲೇ ಕೂತು ಮಾತಾಡಿದರು. ಅಂಚುಗಳನ್ನು ನಿಧಾನ ಇಳಿಜಾರಾಗಿ ಬಿಟ್ಟರು, ಜೊಂಡಿಗೆ ಜಾಗ ಬಿಟ್ಟರು, ಗಣೇಶನನ್ನು ಬಿಡಲು ಬೇರೆಯೇ ಕಲ್ಯಾಣಿ ಮಾಡಿದರು. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಕೆರೆ ಅಂಗಳವಾಯಿತು. ದನಕ್ಕೆ ಹುಲ್ಲು ಕೊಯ್ಯುವವರನ್ನು ಹೊರಗಟ್ಟಲಿಲ್ಲ. ನಾನು ಅಲ್ಲಿಗೆ ಹೋದಾಗಲೆಲ್ಲ ದಾರಿ ಮರಗಳ ನಡುವೆ ಹೊಕ್ಕು ನೀರಿನಿಂದ ದೂರ ಸರಿಯುವ ಜಾಗಗಳಲ್ಲಿ ನಿಧಾನವಾಗುತ್ತೇನೆ. ನೀರಿನ ಪಕ್ಕದಲ್ಲೇ ನಡೆಯಬೇಕೆಂಬ ಹಟವನ್ನು ದಾರಿ ಬಿಟ್ಟುಕೊಟ್ಟಿದೆ, ಅದರಿಂದ ನೀರಿಗೆ ಉಸಿರಾಡಲು ಜಾಗ ಸಿಕ್ಕಿದೆ.

ಇನ್ನೊಂದು ತುದಿಯಲ್ಲಿ ಸ್ಯಾಂಕಿ ಕೆರೆ. ಗಂಧದ ಕೋಠಿ ಹತ್ತಿರವಿದ್ದದ್ದರಿಂದ ಹಳಬರು ಗಂಧದಕೋಠಿ ಕೆರೆ ಎನ್ನುತ್ತಿದ್ದರು. 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಇದನ್ನು ಕಟ್ಟಿಸಿದ್ದು ಊರಿಗೆ ನೀರು ಒದಗಿಸಲೆಂದು. ಮಲ್ಲೇಶ್ವರದ ಮುದುಕರು, ಸದಾಶಿವನಗರದ ಓಟಗಾರರು, ಐಐಎಸ್‌ಸಿಯ ವಿದ್ಯಾರ್ಥಿಗಳು ಎಲ್ಲರಿಗೂ ಅದು ಬೇಕು. ಸುತ್ತ ಕಲ್ಲುಕಟ್ಟು, ನೀರಿಗೂ ನಡೆಯುವವರಿಗೂ ನಡುವೆ ಗ್ರಿಲ್ಲು. ಚೆಂದದ ಜಾಗ, ಮಳೆಮರಗಳ ನೆರಳು ದೊಡ್ಡದು. ಆದರೆ ಅದನ್ನು ಉಳಿದೆಲ್ಲ ಕೆರೆಗಳಿಗೆ ಮಾದರಿಯೆಂದು ಹಿಡಿದದ್ದರಿಂದ ಹೊರವಲಯದ ಹಳ್ಳಿಗೆರೆಗಳಿಗೂ ಅದೇ ಗ್ರಿಲ್ಲು ಬಂತು ಅನಿಸುತ್ತದೆ. ಲಾಲ್‌ಬಾಗಿನ ಕೆರೆಯ ಏರಿಯ ಮೇಲೆ ನಡೆಯುವುದು ಇದಕ್ಕಿಂತ ಬೇರೆ ಅನುಭವ. ಅಲ್ಲಿ ಏರಿ ಏರಿಯಾಗಿಯೇ ಇದೆ, ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು, ಕೆರೆ ಎಂದರೇನು ಎಂದು ಮಕ್ಕಳಿಗೆ ತೋರಿಸಲು ನಗರದ ನಡುವೆ ಅಂಥ ಜಾಗ ಸಿಗುವುದು ಕಷ್ಟ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಮಾತ್ರ ಬೆಂಗಳೂರಿನದಲ್ಲ. ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದಾಗ ಕುಕ್ಕರಹಳ್ಳಿ ಕೆರೆ ನನ್ನ ಎರಡನೇ ತರಗತಿಯಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಊರಾಚೆಯ ಜಮೀನುಗಳಿಗೆ ನೀರುಣಿಸಲೆಂದು. ಈಗ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ. ಕುವೆಂಪು ಇಲ್ಲಿ ನಡೆಯುತ್ತಿದ್ದರು ಎಂಬುದು ಮೈಸೂರಿನ ಪ್ರತಿಯೊಬ್ಬ ವಾಕರ್‌ಗೂ ಗೊತ್ತು. ಕೆರೆಯ ಪಕ್ಕದ ಸ್ನಾತಕೋತ್ತರ ಕೇಂದ್ರಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಸುತ್ತು ಹೆಚ್ಚುಕಡಿಮೆ ನಾಲ್ಕೂವರೆ ಕಿಲೋಮೀಟರ್, ಹೆಚ್ಚಿನ ಭಾಗ ಮಣ್ಣಿನ ದಾರಿ. ಒಂದು ಕಡೆ ಏರಿಯ ಮೇಲೆ ಬಯಲು, ಗಾಳಿ, ದೂರದಲ್ಲಿ ಚಾಮುಂಡಿಬೆಟ್ಟ. ವಿಶ್ವವಿದ್ಯಾನಿಲಯದ ಕಡೆ ತಿರುಗಿದರೆ ಮರಗಳ ಕತ್ತಲು, ಬಿದಿರು, ಒಣಗಿದ ಎಲೆಯ ಸದ್ದು, ಅಲ್ಲಲ್ಲಿ ನೀರು ಕಾಣುವುದೇ ಇಲ್ಲ. ಒಂದೇ ಸುತ್ತಿನಲ್ಲಿ ಎರಡು ಊರು ದಾಟಿದ ಹಾಗೆ. ಇಲ್ಲಿಯ ಮರಗಳಲ್ಲಿ ಕೂತ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳಿಗೂ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗೇ ಗೂಡು ಕಟ್ಟುವವಕ್ಕೂ ಒಂದೇ ಬಳಗ. ಹಾವಕ್ಕಿ ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸುತ್ತಾ ಕೂತದ್ದನ್ನು ಮೊದಲು ನೋಡಿದ್ದು ಇಲ್ಲೇ, ಪರೀಕ್ಷೆಯ ಹಿಂದಿನ ಬೆಳಿಗ್ಗೆ. ಅಂದು ಸಂಜೆಯವರೆಗೂ ಪುಸ್ತಕ ಮುಟ್ಟಲಾಗಲಿಲ್ಲ.

ಕುಕ್ಕರಹಳ್ಳಿಯ ಕಷ್ಟ ದಂಡೆಯದಲ್ಲ, ಬಾಯಿಯದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿ ನೀರನ್ನು ಮೈಸೂರಿಗೆ ತರಲು ನಾಲೆ ತೋಡಿಸಿದರು. ಕೆಲಸ ಅರ್ಧಕ್ಕೇ ನಿಂತಿತು, ಹೊಳೆಯ ನೀರು ಹರಿಯಲಿಲ್ಲ. ಆದರೆ ತೋಡಿದ ನಾಲೆ ಮಳೆಗಾಲದಲ್ಲಿ ದಾರಿಯುದ್ದದ ನೀರನ್ನು ಕೂಡಿಸಿಕೊಂಡು ಕೆರೆಗೆ ತರುತ್ತಿತ್ತು. ಊರು ಬೆಳೆಯುತ್ತಾ ನಾಲೆ ಅಲ್ಲಲ್ಲಿ ಮುಚ್ಚಿಹೋಯಿತು, ಮನೆಗಳಾದವು. ಮಳೆನೀರಿನ ದಾರಿಗಳಲ್ಲಿ ಕೊಳಚೆ ಸೇರಿತು. ಕೊಳಚೆಯನ್ನು ತಪ್ಪಿಸಲು ಹೋದರೆ ಮಳೆನೀರೂ ತಪ್ಪಿಹೋಗುತ್ತದೆ. ಈ ಸಂಕಟ ಕುಕ್ಕರಹಳ್ಳಿಗೆ ಮಾತ್ರವಿಲ್ಲ, ನಗರದೊಳಗೆ ಸಿಕ್ಕಿಕೊಂಡ ಎಲ್ಲ ಕೆರೆಗಳಿಗೂ ಇದೆ. ಏರಿಯ ಮೇಲೆ ಎಷ್ಟು ಸುತ್ತು ಬಂದರೂ ಇದು ಕಾಣುವುದಿಲ್ಲ, ಯಾಕೆಂದರೆ ಅದು ನಡೆಯುವುದು ಬೇಲಿಯಾಚೆ, ಬೋಗಾದಿ ಕಡೆಯ ಬೀದಿಗಳಲ್ಲಿ.

ಮೈಸೂರಿನ ಕಾರಂಜಿ ಕೆರೆಗೆ ಮಕ್ಕಳ ಜೊತೆ ಹೋಗಬೇಕು, ಹಕ್ಕಿಮನೆಯೂ ಚಿಟ್ಟೆ ಉದ್ಯಾನವೂ ಇವೆ. ಲಿಂಗಾಂಬುಧಿ ಕೆರೆಗೆ, 1828ರಲ್ಲಿ ಕಟ್ಟಿಸಿದ್ದು, ಒಬ್ಬರೇ ಹೋದರೆ ಒಳ್ಳೆಯದು.

ಗೇಟುಗಳ ಬಗ್ಗೆ ಹೇಳಲೇಬೇಕು. ಬೆಂಗಳೂರಿನ ಬಹುತೇಕ ಕೆರೆಗಳ ಗೇಟು ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ಮಾತ್ರ ತೆರೆದಿರುತ್ತದೆ. ನಡುಹಗಲಿಗೆ ಬೀಗ. ವಾಕಿಂಗ್ ಮಾಡುವ ನನ್ನಂಥವರಿಗೆ ಇದರಿಂದ ತೊಂದರೆಯಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಬುತ್ತಿ ಬಿಚ್ಚಲು ನೆರಳು ಹುಡುಕುವ ಗಾರೆ ಕೆಲಸದವರಿಗೆ, ಎರಡು ಡೆಲಿವರಿಗಳ ನಡುವೆ ಬೈಕು ನಿಲ್ಲಿಸಿ ಹತ್ತು ನಿಮಿಷ ಬೆನ್ನು ಚಾಚಬೇಕಾದ ಹುಡುಗರಿಗೆ ಆ ಹೊತ್ತಿಗೇ ಕೆರೆ ಬೇಕು. ಬೇಲಿಗಳು ಬರುವ ಮುಂಚೆ ಅಂಚಿನಲ್ಲಿ ಬಗ್ಗಿ ಹೊನಗೊನೆ ಸೊಪ್ಪು ಕೀಳುವ ಹೆಂಗಸರನ್ನು ನಾನು ನೋಡಿದ್ದೇನೆ. ಸೀರೆ ಎತ್ತಿ ಕಟ್ಟಿ, ಬೆರಳಿನ ಉಗುರಿನಿಂದಲೇ ಚಿವುಟಿ, ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ದನ ತೊಳೆಯುವವರು, ಇವರೆಲ್ಲ ಕೆರೆಯನ್ನು ಬಳಸುತ್ತಿದ್ದವರು, ಆದ್ದರಿಂದಲೇ ಅದನ್ನು ಕಾಯುತ್ತಿದ್ದವರು. ತೂಬು ತೆಗೆದು ಮುಚ್ಚಿ ಪ್ರತಿ ಗದ್ದೆಗೂ ನೀರು ಹಂಚುತ್ತಿದ್ದ ನೀರುಗಂಟಿಯ ಕೆಲಸ ನಗರದಲ್ಲಿ ಇಲ್ಲವೇ ಇಲ್ಲ. ಆ ಜಾಗಕ್ಕೆ ಸೆಕ್ಯುರಿಟಿ ಗಾರ್ಡ್ ಬಂದಿದ್ದಾರೆ. ಅವರ ಕೈಯಲ್ಲಿರುವುದು ಗೇಟಿನ ಬೀಗದಕೈ, ನೀರಿನದಲ್ಲ.

ಕೆರೆಯ ಸುತ್ತ ಎಷ್ಟು ದೂರ ಖಾಲಿ ಬಿಡಬೇಕು ಎಂಬ ಜಗಳವೂ ನಡೆದಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಎಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, ನಗರ ಯೋಜನೆಯ 30 ಮೀಟರ್ ಉಳಿಯಿತು. ಈ ಅಂತರವನ್ನು ಅಳೆಯಬೇಕಾದದ್ದು ಕಂದಾಯ ದಾಖಲೆಯಲ್ಲಿರುವ ಕೆರೆಯ ಗಡಿಯಿಂದ. ಆದರೆ ಅಂಚನ್ನೇ ಒಳಗೆ ಒತ್ತಿ ದಂಡೆ ಹಾಕಿದರೆ ಅಳತೆಯ ಟೇಪೂ ಒಳಗಿನಿಂದಲೇ ಶುರುವಾದೀತು ಎಂಬ ಭಯ ನನಗೆ. ಸುತ್ತುದಂಡೆಯ ಬಗ್ಗೆ ನನಗಿರುವ ಅತಿ ದೊಡ್ಡ ಆತಂಕ ಇದು. ಮಳೆಗಾಲದಲ್ಲಿ ನೀರು ಹರಡಬೇಕಾದ ಜಾಗವೆಲ್ಲ ದಂಡೆಯಾಚೆ ಉಳಿದು, ಒಣ ಭೂಮಿಯೆಂದು ಕಾಣತೊಡಗಿ, ಕೊನೆಗೆ ಯಾರದ್ದೋ ನಿವೇಶನವಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ನೀರು ಆಗ ತನ್ನ ಹಳೇ ಅಂಗಳಕ್ಕೇ ಬಂದಿತ್ತು.

ಪೂರ್ತಿ ಮುಚ್ಚಿಹೋದ ಕೆರೆಗಳ ಮೇಲೂ ನಾವು ದಿನಾ ನಡೆಯುತ್ತೇವೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಸಂಪಂಗಿಯದ್ದೊಂದು ಚಿಕ್ಕ ಹೊಂಡ ಇನ್ನೂ ಉಳಿದಿದೆ, ಕರಗದ ಆಚರಣೆಗಾಗಿ. ದೇವರ ಕೆಲಸಕ್ಕೆ ಬೇಕೆಂಬ ಕಾರಣಕ್ಕಾದರೂ ಅಷ್ಟು ನೀರು ಉಳಿದದ್ದು ನನಗೆ ಸಮಾಧಾನ. ಕೆರೆಗಳು ಹೋದರೂ ಅವುಗಳ ನಡುವಿನ ನೀರಿನ ದಾರಿ ಹೋಗಿಲ್ಲ. ಬೆಂಗಳೂರು ದಿಬ್ಬದ ಮೇಲೆ ಕೂತ ಊರು, ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಮೆಜೆಸ್ಟಿಕ್ ಸಮೀಪ ಹುಟ್ಟಿ ಬೆಳ್ಳಂದೂರು ಕೆರೆ ಸೇರುವ ರಾಜಕಾಲುವೆಗೆ ಕಡತಗಳಲ್ಲಿ ಕೆ-100 ಎಂದು ಹೆಸರು. ಅದರಲ್ಲಿ ಕೊಳಚೆ ಬೀಳುವುದನ್ನು ತಡೆದು, ಬದಿಯಲ್ಲಿ ನಡೆದಾಡುವ ದಾರಿ ಮಾಡುವ ಕೆಲಸ ಕೆಲವು ವರ್ಷಗಳ ಹಿಂದೆ ಶುರುವಾಯಿತು. ಆ ಯೋಚನೆ ನನಗೆ ಬಹಳ ಇಷ್ಟವಾದದ್ದು. ಒಂದು ಕೆರೆಯನ್ನು ಸುತ್ತುವ ದಾರಿಗಿಂತ ಒಂದು ಕೆರೆಯಿಂದ ಇನ್ನೊಂದಕ್ಕೆ ನೀರಿನ ಜೊತೆ ಇಳಿಯುವ ದಾರಿ ನಮಗೆ ಬೇಕಾಗಿದೆ. ಅಂಥ ದಾರಿಯಲ್ಲಿ ನಡೆದವರಿಗೆ ಕೊಳಚೆ ಪೈಪು ಎಲ್ಲಿ ಸೇರುತ್ತದೆ, ಕಾಲುವೆಯನ್ನು ಯಾರು ಕಿರಿದು ಮಾಡಿದ್ದಾರೆ, ಕೋಡಿಗೆ ಅಡ್ಡ ಏನು ಕಟ್ಟಿದ್ದಾರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಸುತ್ತುದಾರಿಯನ್ನು ಮೇಲಿನ ಬದಿಯಲ್ಲಿ ಒಂದಿಷ್ಟು ದೂರ ಬಿಟ್ಟುಬಿಡಬಹುದು. ಅಲ್ಲಿಗೆ ಬಂದವರು ಹಿಂದಿರುಗಿ ನಡೆಯಲಿ, ನಡಿಗೆಗೆ ನಷ್ಟವೇನೂ ಇಲ್ಲ.

ಈ ಮುಂಗಾರಿನಲ್ಲಿ ಯಲಹಂಕ ಕೆರೆಯ ಕೋಡಿಯಿಂದ ಶುರುಮಾಡಿ, ಕಾಲುವೆಯ ಜಾಡು ಹಿಡಿದು, ಜಕ್ಕೂರು ದಾಟಿ ರಾಚೇನಹಳ್ಳಿಯವರೆಗೆ ನಡೆಯಲು ಎಷ್ಟು ದೂರ ಆಗುತ್ತದೆಂದು ನೋಡುವ ಆಸೆಯಿದೆ. ಬರುವವರು ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ, ಒಂದು ನೋಟ್‌ಬುಕ್ಕೂ ಇರಲಿ. ಬೇಲಿ, ಗೋಡೆ, ಪೈಪು ಎಲ್ಲೆಲ್ಲಿ ಅಡ್ಡ ಬರುತ್ತವೋ ಅದನ್ನೆಲ್ಲ ಗುರುತು ಹಾಕಿ ಕೆರೆ ವಿಭಾಗದ ಎಂಜಿನಿಯರರ ಕಚೇರಿಗೆ ಕೊಡೋಣ.